ಓದುಗರ ಪ್ರಶ್ನೆ: ಗಾಂಜಾ ಬಿಟ್ಟುಬಿಡೋದಾ, ಬಿಗಿ ಹಿಡಿಯೋದಾ?

ಹೋದ ಸಂಚಿಕೆಯಲ್ಲಿ ಜರ್ಮನಿಯ ಗಾಂಜಾ ಕಾನೂನಿನ ಬಗ್ಗೆ ಒಂದು ಸಣ್ಣ ಬರಹ ಹಾಕಿದ್ದೆವು. 2024ರ ಏಪ್ರಿಲ್‌ನಿಂದ ಅಲ್ಲಿ ವಯಸ್ಕರು 25 ಗ್ರಾಂ ತನಕ ಜೇಬಲ್ಲಿಟ್ಟುಕೊಂಡು ಓಡಾಡಬಹುದು, ಮನೆಯಲ್ಲಿ ಮೂರು ಗಿಡ ಬೆಳೆಸಬಹುದು, ಇಷ್ಟೇ ವಿಷಯ. ಅದಕ್ಕೆ ಬಂದ ಪತ್ರಗಳಲ್ಲಿ ಅರ್ಧ ಬೈಗುಳ, ಇನ್ನರ್ಧ "ನಮ್ಮಲ್ಲಿ ಯಾವಾಗ?" ಅನ್ನೋ ಆಸೆ. ಬೈದವರಿಗೂ ಆಸೆಪಟ್ಟವರಿಗೂ ಸೇರಿಸಿ ಈ ಸಲದ ಪೂರ್ತಿ ಅಂಕಣ ಇದಕ್ಕೇ ಮೀಸಲು. ನಾನು ಡಾಕ್ಟರೂ ಅಲ್ಲ, ವಕೀಲನೂ ಅಲ್ಲ. ಕೇಸು, ಕಾಯಿಲೆ ಇದ್ದವರು ಅವರ ಹತ್ತಿರ ಹೋಗಲೇಬೇಕು.

ಪ್ರಶ್ನೆ: ಸರ್, ಕುಡಿದು ಗಾಡಿ ಓಡಿಸಿ ಜನ ಸಾಯ್ತಾರೆ, ಹೆಂಡತಿಗೆ ಹೊಡೀತಾರೆ, ಲಿವರ್ ಹೋಗುತ್ತೆ. ಗಾಂಜಾ ಸೇದಿ ಸತ್ತವರನ್ನು ನಾನಂತೂ ನೋಡಿಲ್ಲ. ಆದ್ರೂ ಬಾರ್‌ಗೆ ಲೈಸೆನ್ಸು, ಗಾಂಜಾಕ್ಕೆ ಜೈಲು. ಇದು ಬೂಟಾಟಿಕೆ ಅಲ್ವಾ?
— ಒಬ್ಬ ವಿದ್ಯಾರ್ಥಿ, ಧಾರವಾಡ

ಬೂಟಾಟಿಕೆ ಹೌದು, ತಮ್ಮಾ. ಅದರಲ್ಲಿ ಮುಚ್ಚಿಡೋದೇನಿಲ್ಲ. ಆದರೆ ಈ ಬೂಟಾಟಿಕೆ ಹುಟ್ಟಿದ್ದು ಹೇಗೆ ಅಂತ ಗೊತ್ತಿದ್ದರೆ ವಾದ ಮಾಡೋಕೆ ಅನುಕೂಲ.

ಬ್ರಿಟಿಷರ ಕಾಲದಲ್ಲೇ ಈ ಪ್ರಶ್ನೆ ಎದ್ದಿತ್ತು. 1893ರಲ್ಲಿ ಅವರು ಒಂದು ಆಯೋಗ ಮಾಡಿದರು. ಅದು ದೇಶ ಸುತ್ತಿ, ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ಕೇಳಿ, ದಪ್ಪ ದಪ್ಪ ಸಂಪುಟಗಳ ವರದಿ ಬರೆಯಿತು. ಮಿತವಾಗಿ ಬಳಸಿದರೆ ಹೇಳಿಕೊಳ್ಳುವಂಥ ಹಾನಿ ಇಲ್ಲ, ನಿಷೇಧ ಬೇಡ, ತೆರಿಗೆ ಹಾಕಿ ಹತೋಟಿಯಲ್ಲಿಡಿ ಅನ್ನೋದು ಅದರ ಸಾರ. ಸ್ವಾತಂತ್ರ್ಯ ಬಂದ ಮೇಲೂ ಎಷ್ಟೋ ರಾಜ್ಯಗಳಲ್ಲಿ ಸರ್ಕಾರಿ ಲೈಸೆನ್ಸಿನ ಗಾಂಜಾ ಅಂಗಡಿ ಇದ್ದವು. ನಿಮ್ಮ ಅಜ್ಜನ ವಯಸ್ಸಿನವರನ್ನು ಕೇಳಿ ನೋಡಿ, ಯಾರಿಗಾದರೂ ನೆನಪಿರುತ್ತದೆ.

ಬದಲಾಗಿದ್ದು 1961ರಲ್ಲಿ. ವಿಶ್ವಸಂಸ್ಥೆಯ ಒಪ್ಪಂದ ಒಂದು ಬಂತು, ಅಫೀಮು, ಕೊಕೇನ್ ಜೊತೆ ಗಾಂಜಾವನ್ನೂ ಒಂದೇ ಮೂಟೆಗೆ ಕಟ್ಟಿತು. ಭಾರತ ಸಹಿ ಹಾಕಿತು, ಆದರೆ ಕಾಲಾವಕಾಶ ಕೇಳಿತು, 25 ವರ್ಷ ಸಿಕ್ಕಿತು. ಆ ಗಡುವು ಮುಗಿಯುತ್ತಾ ಬಂದಾಗ, 1985ರಲ್ಲಿ, ರಾಜೀವ್ ಗಾಂಧಿ ಸರ್ಕಾರ ಮಾದಕ ವಸ್ತು ತಡೆಯೋ ಎನ್‌ಡಿಪಿಎಸ್ ಕಾಯ್ದೆ ತಂತು. ಮಜಾ ಏನಂದ್ರೆ, ಅದರಲ್ಲಿ ಗಾಂಜಾ ಅಂದರೆ ಗಿಡದ ಹೂವಿನ ತುದಿ ಅಂತ ಬರೆದು, ಬರೀ ಎಲೆಯನ್ನೂ ಬೀಜವನ್ನೂ ಹೊರಗಿಟ್ಟರು. ಹೋಳಿಯ ಭಂಗ್ ಉಳಿದುಕೊಂಡಿದ್ದು ಹೀಗೆ. 2022ರಲ್ಲಿ ನಮ್ಮ ಹೈಕೋರ್ಟು ಕೂಡ ಭಂಗ್ ಈ ಕಾಯ್ದೆಯಡಿ ಬರುವುದಿಲ್ಲ ಅಂತ ಹೇಳಿ ಒಬ್ಬರಿಗೆ ಜಾಮೀನು ಕೊಟ್ಟಿತು. ಒಂದೇ ಗಿಡ, ಎಲೆಗೆ ಒಂದು ನ್ಯಾಯ, ಹೂವಿಗೆ ಇನ್ನೊಂದು. ಇನ್ನೂ ಮಜಾ ಬೇಕಾದರೆ, 2020ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಆಯೋಗ ಗಾಂಜಾವನ್ನು ಅತಿ ಕಠಿಣ ಪಟ್ಟಿಯಿಂದ ತೆಗೆಯಲು ಮತ ಹಾಕಿದಾಗ ಭಾರತ "ತೆಗೆಯಿರಿ" ಅನ್ನೋರ ಪರ ನಿಂತಿತ್ತು. ಮನೆಯಲ್ಲಿ ಕಾನೂನು ಮಾತ್ರ ಕದಲಲಿಲ್ಲ.

ಆದರೂ ನಿಮ್ಮ ವಾದದಲ್ಲಿ ಒಂದು ತೊಡಕಿದೆ. "ಹೆಂಡ ಇನ್ನೂ ಕೆಟ್ಟದ್ದು, ಅದನ್ನೇ ಬಿಟ್ಟಿದ್ದೀರಿ, ಇದನ್ನೂ ಬಿಡಿ" ಅನ್ನೋದು ಹೆಂಡ ಬಿಟ್ಟಿದ್ದರಿಂದ ಒಳ್ಳೇದಾಗಿದೆ ಅಂತ ಒಪ್ಪಿದವರಿಗೆ ಮಾತ್ರ ಒಪ್ಪಿಗೆಯಾಗುತ್ತದೆ. ಏಮ್ಸ್‌ನವರು 2019ರಲ್ಲಿ ಬಿಡುಗಡೆ ಮಾಡಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಕುಡಿಯುವವರು ಸುಮಾರು 16 ಕೋಟಿ, ಭಂಗ್-ಗಾಂಜಾ-ಚರಸ್ ಎಲ್ಲಾ ಸೇರಿ ಬಳಸುವವರು ಸುಮಾರು 3.1 ಕೋಟಿ. ಈ ಅಂತರಕ್ಕೆ ಕಾರಣ ರುಚಿ ಒಂದೇ ಅಲ್ಲ, ಮೂಲೆ ಮೂಲೆಗೆ ಅಂಗಡಿ ಇರೋದೂ ಹೌದು. ಮತ್ತೆ, "ಗಾಂಜಾದಿಂದ ಏನೂ ಆಗಲ್ಲ" ಅನ್ನೋ ಮಾತು ಹಾಸ್ಟೆಲ್ಲಿನದು. ಹದಿಹರೆಯದಲ್ಲಿ ಶುರು ಮಾಡಿ ದಿನಾ ಸೇದುವವರಲ್ಲಿ, ಅದರಲ್ಲೂ ಈಗಿನ ಸ್ಟ್ರಾಂಗ್ ತಳಿಗಳನ್ನು ಸೇದುವವರಲ್ಲಿ, ಸೈಕೋಸಿಸ್ ಅಪಾಯ ಜಾಸ್ತಿ. ಯಾರೋ ಕಿವಿಯಲ್ಲಿ ಮಾತಾಡಿದ ಹಾಗೆ, ಎಲ್ಲರೂ ತನ್ನ ವಿರುದ್ಧ ಸಂಚು ಮಾಡಿದ ಹಾಗೆ ಅನ್ನಿಸೋಕೆ ಶುರುವಾಗುತ್ತೆ. ಮನೆತನದಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆ ಇದ್ದರಂತೂ ಇದರ ಸಹವಾಸವೇ ಬೇಡ.

ಪ್ರಶ್ನೆ: ನಮ್ಮೂರಲ್ಲಿ ಸಾರಾಯಿ ಬಂದ್ ಮಾಡಿಸೋಕೆ ನಾವು ಹೆಂಗಸರು ಅಂಗಡಿ ಮುಂದೆ ಕೂತಿದ್ವಿ. ಈಗ ಪೇಪರಿನಲ್ಲಿ ಓದಿದೋರೆಲ್ಲ "ನಿಷೇಧದಿಂದ ಉಪಯೋಗ ಇಲ್ಲ" ಅಂತ ಬರೀತೀರಿ. ರಾತ್ರಿ ಏಟು ತಿನ್ನೋರು ನೀವಲ್ಲವಲ್ಲ?
— ಸ್ವಸಹಾಯ ಸಂಘದ ಸದಸ್ಯೆ, ರಾಯಚೂರು ಜಿಲ್ಲೆ

ಅಕ್ಕಾ, ಈ ಸಲ ಬಂದ ಪತ್ರಗಳಲ್ಲಿ ಉತ್ತರ ಕೊಡೋಕೆ ಕಷ್ಟವಾಗಿದ್ದು ನಿಮ್ಮದೇ. ಯಾಕೆಂದರೆ ಎರಡೂ ಕಡೆಯ ಪಾಠವನ್ನು ನಮ್ಮ ರಾಜ್ಯ ಒಂದೇ ವರ್ಷದಲ್ಲಿ ಕಲಿತಿದೆ, ಅದನ್ನು ಬಿಡಿಸಿ ಹೇಳಲೇಬೇಕು.

2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಬಂದ್ ಆಯ್ತು. ಅದಕ್ಕಿಂತ ಮುಂಚೆ ಹೇಗಿತ್ತು ಅಂತ ನಿಮಗೆ ಹೇಳಬೇಕಾಗಿಲ್ಲ, ಆದರೆ ಈಗಿನ ಹುಡುಗರಿಗೆ ಗೊತ್ತಿಲ್ಲ. ಪ್ಲಾಸ್ಟಿಕ್ ಪ್ಯಾಕೆಟ್, ಮೂಲೆಯನ್ನು ಹಲ್ಲಲ್ಲಿ ಕಚ್ಚಿ ಹರಿದು, ನಿಂತಲ್ಲೇ ಎತ್ತಿ, ಖಾಲಿ ಪ್ಯಾಕೆಟ್ಟನ್ನು ಅಲ್ಲೇ ಎಸೆದು, ಕೂಲಿ ದುಡ್ಡು ಮನೆ ತಲುಪೋ ಮೊದಲೇ ಮುಗಿದಿರುತ್ತಿತ್ತು. ಬೆಳಗ್ಗೆ ಕೆಲಸಕ್ಕೆ ಹೋಗೋ ಮುಂಚೆ ಒಂದು, ಸಂಜೆ ಮೂರು. ಬಂದ್ ಮಾಡಿದ್ದು ತಪ್ಪು ಅಂತ ಯಾವ ಹೆಂಗಸಿನ ಎದುರಿಗೆ ನಿಂತು ಹೇಳೋಣ?

ಆಮೇಲೆ ಏನಾಯ್ತು ನೋಡಿ. ಒಂದು ವರ್ಷ ತುಂಬೋ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರದ ಕಡೆ, ಗಡಿಯಾಚೆ ಕೃಷ್ಣಗಿರಿಯ ಕಡೆ ಕಳ್ಳಬಟ್ಟಿ ಕುಡಿದು ಎರಡೂ ರಾಜ್ಯ ಸೇರಿ 150ಕ್ಕೂ ಹೆಚ್ಚು ಜನ ಸತ್ತರು. ಅದರಲ್ಲಿದ್ದದ್ದು ಮೆಥನಾಲ್, ಕಾರ್ಖಾನೆಯ ಸ್ಪಿರಿಟ್ಟು. ನೋಡೋಕೆ, ಮೂಸೋಕೆ ಎಲ್ಲಾ ಹೆಂಡದ ಹಾಗೇ. ಕುಡಿದಾಗ ಅಮಲು ಬರುತ್ತೆ, ಮನೆಗೆ ಹೋಗಿ ಮಲಗ್ತಾರೆ. ದೇಹದೊಳಗೆ ಅದು ಫಾರ್ಮಿಕ್ ಆಮ್ಲವಾಗೋಕೆ ಗಂಟೆಗಟ್ಟಲೆ ಹಿಡಿಯುತ್ತೆ. ಆಮೇಲೆ ಹೊಟ್ಟೆನೋವು, ವಾಂತಿ, ಕಣ್ಣ ಮುಂದೆ ಮಂಜು. ಉಳಿದುಕೊಂಡವರಲ್ಲೂ ಎಷ್ಟೋ ಜನಕ್ಕೆ ದೃಷ್ಟಿ ಹೋಗುತ್ತೆ. ಸತ್ತವರು ಯಾರು? ನೀವು ಯಾರನ್ನು ಉಳಿಸೋಕೆ ಅಂಗಡಿ ಮುಂದೆ ಕೂತಿದ್ದಿರೋ ಅವರೇ, ಕೂಲಿಯವರು.

"ಹಾಗಾದರೆ ಬಂದ್ ಮಾಡಿದ್ದಕ್ಕೇ ಸತ್ತರು" ಅಂತ ಕೆಲವರು ಅಲ್ಲಿಗೇ ಮಾತು ಮುಗಿಸ್ತಾರೆ. ಅದೂ ಪೂರ್ತಿ ನಿಜ ಅಲ್ಲ. 1981ರಲ್ಲಿ ಬೆಂಗಳೂರಿನಲ್ಲಿ ವಿಷದ ಹೆಂಡಕ್ಕೆ 300ಕ್ಕೂ ಹೆಚ್ಚು ಜನ ಬಲಿಯಾದಾಗ ಸಾರಾಯಿ ಅಂಗಡಿಗಳು ಬಾಗಿಲು ತೆರೆದೇ ಇದ್ದವು. ತೆರಿಗೆ ತಪ್ಪಿಸಿ ಅಗ್ಗಕ್ಕೆ ಮಾರೋನು ನಿಷೇಧ ಇಲ್ಲದಾಗಲೂ ಹುಟ್ಟುತ್ತಾನೆ. ನಿಷೇಧ ಬಂದಾಗ ಅವನಿಗೆ ಪೈಪೋಟಿ ಇರುವುದಿಲ್ಲ, ಅಷ್ಟೇ.

ಬಿಹಾರ ನೋಡಿ. 2016ರ ಏಪ್ರಿಲ್‌ನಿಂದ ಅಲ್ಲಿ ಪೂರ್ತಿ ಪಾನನಿಷೇಧ, ಅದನ್ನೂ ಕೇಳಿ ಪಡೆದವರು ಹೆಂಗಸರೇ. 2022ರ ಡಿಸೆಂಬರ್‌ನಲ್ಲಿ ಸಾರಣ್ ಜಿಲ್ಲೆಯಲ್ಲಿ ಕಳ್ಳಬಟ್ಟಿಗೆ 70ಕ್ಕೂ ಹೆಚ್ಚು ಜನ ಸತ್ತರು. ಕುಡಿದು ಸಿಕ್ಕಿಬಿದ್ದ ಬಡವರಿಂದ ಜೈಲು ತುಂಬಿ, ಜಾಮೀನು ಅರ್ಜಿಗಳಿಂದ ಹೈಕೋರ್ಟು ತುಂಬಿ, ಕೊನೆಗೆ 2022ರಲ್ಲಿ ಸರ್ಕಾರವೇ ಕಾನೂನು ತಿದ್ದಿ, ಮೊದಲ ಸಲ ಸಿಕ್ಕವನು ದಂಡ ಕಟ್ಟಿ ಹೋಗಲಿ ಅಂದಿತು. ಇದು ಒಂದು ಕಡೆ. ಇನ್ನೊಂದು ಕಡೆ, 2024ರಲ್ಲಿ ಲ್ಯಾನ್ಸೆಟ್ ಗುಂಪಿನ ಒಂದು ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ ನಿಷೇಧದ ನಂತರ ಬಿಹಾರದಲ್ಲಿ ದಿನಾ ಕುಡಿಯೋ ಗಂಡಸರೂ ಕಡಿಮೆಯಾದರು, ಹೆಂಡತಿ ಮೇಲೆ ಕೈ ಎತ್ತೋದೂ ಕಡಿಮೆಯಾಯ್ತು. "ನಿಷೇಧದಿಂದ ಏನೂ ಉಪಯೋಗ ಇಲ್ಲ" ಅನ್ನೋರು ಈ ಎರಡನೇ ಭಾಗವನ್ನು ಓದೋದೇ ಇಲ್ಲ. ನಿಮ್ಮ ಸಿಟ್ಟಿಗೆ ಕಾರಣ ಇದೆ.

ಆದರೆ ನಮ್ಮ ರಾಜ್ಯದಲ್ಲಿ ಸಾರಾಯಿ ಹೋದ ಜಾಗಕ್ಕೆ ಬಂದಿದ್ದು ಏನು? ಅದೇ ಮನುಷ್ಯ, ಅದೇ ಚಟ, ಈಗ ಟೆಟ್ರಾ ಪ್ಯಾಕಿನ ಅಗ್ಗದ ವಿಸ್ಕಿ. ಸಾರಾಯಿಗಿಂತ ರೇಟು ಜಾಸ್ತಿ, ಮನೆಗೆ ಬರೋ ದುಡ್ಡು ಇನ್ನೂ ಕಡಿಮೆ. ಅಬಕಾರಿಯಿಂದ ರಾಜ್ಯಕ್ಕೆ ವರ್ಷಕ್ಕೆ ಬರೋ ಆದಾಯ 30 ಸಾವಿರ ಕೋಟಿ ದಾಟಿದೆ. ಪ್ರತಿ ಬಜೆಟ್ಟಿನಲ್ಲೂ ಅಬಕಾರಿಗೆ ಟಾರ್ಗೆಟ್ ಇರುತ್ತೆ. ಟಾರ್ಗೆಟ್ ಇಟ್ಟುಕೊಂಡ ಸರ್ಕಾರ ಕುಡಿತ ಬಿಡಿಸುತ್ತೆ ಅಂತ ಯಾರಾದರೂ ನಂಬ್ತಾರಾ? 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಬಂದರು, ನಿಮ್ಮ ಜಿಲ್ಲೆಯವರೂ ಅದರಲ್ಲಿದ್ದರು. ಅವರು ಕೇಳಿದ್ದು ಸಿಗಲಿಲ್ಲ.

ಹಾಗಾಗಿ ಗಾಂಜಾ ವಿಷಯದಲ್ಲಿ ನಾನು ಹೆದರೋದು ಇದಕ್ಕೇ. ಸೇದಿದವನನ್ನು ಜೈಲಿಗೆ ಹಾಕಬೇಡಿ ಅನ್ನೋದು ನನ್ನ ಅಭಿಪ್ರಾಯ, ಖಚಿತವಾಗಿ. ಆದರೆ ನಾಳೆ ಅದಕ್ಕೆ ಲೈಸೆನ್ಸು ಕೊಟ್ಟು, ಹರಾಜು ಹಾಕಿ, ಅಬಕಾರಿ ಇಲಾಖೆಗೆ ವಹಿಸಿದರೆ ಇನ್ನೊಂದು ಟಾರ್ಗೆಟ್ ಹುಟ್ಟುತ್ತೆ. ಬಿಟ್ಟುಬಿಡಿ ಅನ್ನೋರಲ್ಲಿ ಬಹಳ ಜನ ಈ ಎರಡನ್ನೂ ಒಂದೇ ಅಂದುಕೊಂಡಿದ್ದಾರೆ.

ಪ್ರಶ್ನೆ: ನನ್ನ ಮಗ ಬೆಂಗಳೂರಲ್ಲಿ ಇಂಜಿನಿಯರಿಂಗ್ ಓದ್ತಿದ್ದಾನೆ. ಪಿಜಿಯಲ್ಲಿ ಅವನ ಹತ್ತಿರ ಸ್ವಲ್ಪ ಗಾಂಜಾ ಸಿಕ್ಕಿ ಪೊಲೀಸರು ಕೇಸ್ ಹಾಕಿದ್ದಾರೆ. ಜೀವನವೇ ಹಾಳಾಯ್ತಾ? ಮನೆಯಲ್ಲಿ ಯಾರಿಗೂ ಹೇಳಿಲ್ಲ.
— ಒಬ್ಬ ತಾಯಿ, ದಾವಣಗೆರೆ ಕಡೆ

ಅಮ್ಮಾ, ಮೊದಲು ಮನೆಯವರಿಗೆ ಹೇಳಿ, ಗಂಡನಿಗೆ ಹೇಳೋಕೆ ಭಯವಾದರೆ ಅಣ್ಣನಿಗೋ ತಮ್ಮನಿಗೋ ಹೇಳಿ. ಇದನ್ನು ಒಬ್ಬರೇ ಹೊರಬೇಡಿ. ಗುಟ್ಟಾಗಿ "ಸೆಟಲ್ ಮಾಡಿಸ್ತೀನಿ" ಅಂತ ದುಡ್ಡು ಕೀಳೋಕೆ ಬರೋರು ಇಂಥ ಒಂಟಿ ತಾಯಂದಿರನ್ನೇ ಹುಡುಕ್ತಾರೆ.

ಕಾನೂನಿನಲ್ಲಿ ತೂಕವೇ ಎಲ್ಲಾ. ಗಾಂಜಾ 1 ಕೆಜಿ ತನಕ ಸಣ್ಣ ಪ್ರಮಾಣ, 20 ಕೆಜಿಯ ಮೇಲೆ ವ್ಯಾಪಾರಿ ಪ್ರಮಾಣ, ನಡುವಿನದಕ್ಕೆ ನಡುವಿನ ಶಿಕ್ಷೆ. ಸಣ್ಣ ಪ್ರಮಾಣ ಇಟ್ಟುಕೊಂಡಿದ್ದಕ್ಕೆ ಒಂದು ವರ್ಷದ ತನಕ ಜೈಲು ಅಥವಾ 10 ಸಾವಿರದ ತನಕ ದಂಡ ಅಥವಾ ಎರಡೂ. ಸೇದಿದ್ದಕ್ಕೆ 27ನೇ ಸೆಕ್ಷನ್, ಗಾಂಜಾ ಆದರೆ ಆರು ತಿಂಗಳ ತನಕ ಜೈಲು ಅಥವಾ 10 ಸಾವಿರದ ತನಕ ದಂಡ ಅಥವಾ ಎರಡೂ. ಈ ಕಾಯ್ದೆಯಲ್ಲಿ ಜಾಮೀನೇ ಸಿಗಲ್ಲ ಅಂತ ಟೀವಿಯಲ್ಲಿ ಹೇಳ್ತಾರಲ್ಲ, ಆ ಕಠಿಣ ಷರತ್ತು ಮುಖ್ಯವಾಗಿ ವ್ಯಾಪಾರಿ ಪ್ರಮಾಣಕ್ಕೆ, ಸಾಗಣೆಗೆ ದುಡ್ಡು ಹಾಕಿದವರಿಗೆ. ಕೆಲವೇ ಗ್ರಾಂ ಸಿಕ್ಕ ಹುಡುಗನ ಕೇಸು ಅಂಥದ್ದಲ್ಲ. ಎಫ್‌ಐಆರ್ ಪ್ರತಿ ತೆಗೆದುಕೊಳ್ಳಿ, ಯಾವ ಸೆಕ್ಷನ್, ಎಷ್ಟು ತೂಕ ಬರೆದಿದ್ದಾರೆ ಅಂತ ವಕೀಲರಿಗೆ ತೋರಿಸಿ. "ಮಾರುತ್ತಿದ್ದ" ಅಂತ ಬರೆದಿದ್ದರೆ ಕೇಸಿನ ದಾರಿಯೇ ಬೇರೆ.

ಹೆಚ್ಚಿನ ಜನಕ್ಕೆ ಗೊತ್ತಿಲ್ಲದ ಇನ್ನೊಂದು ಸಂಗತಿ. ಇದೇ ಕಾಯ್ದೆಯಲ್ಲಿ 64ಎ ಅಂತ ಒಂದು ಸೆಕ್ಷನ್ ಇದೆ. ಚಟಕ್ಕೆ ಬಿದ್ದವನು, ಬಳಸಿದ ಅಥವಾ ಸಣ್ಣ ಪ್ರಮಾಣದ ಆರೋಪ ಇರೋನು, ತಾನಾಗಿಯೇ ಸರ್ಕಾರ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಚಿಕಿತ್ಸೆ ತೆಗೆದುಕೊಂಡರೆ ಅವನ ಮೇಲೆ ಮೊಕದ್ದಮೆ ನಡೆಯಬಾರದು ಅನ್ನುತ್ತೆ ಅದು. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ವಕೀಲರಿಗೆ ಇದನ್ನು ನೀವೇ ನೆನಪಿಸಿ, ಎಷ್ಟೋ ಕಡೆ ಕೇಳೋರೇ ಇರಲ್ಲ.

ಕೇಸಿಗಿಂತ ಮುಖ್ಯ, ಮಗನ ಜೊತೆ ಮಾತಾಡಿ. ಯಾವಾಗಿನಿಂದ, ಎಷ್ಟು, ಗಾಂಜಾ ಮಾತ್ರವಾ, ಮಾತ್ರೆ-ಪುಡಿ ಏನಾದರೂ ಇದೆಯಾ ಅಂತ ಕೇಳಿ. ಒಂದೆರಡು ಸಲ ಗೆಳೆಯರ ಜೊತೆ ಸೇದಿದವನಿಗೂ, ಬೆಳಗ್ಗೆ ಎದ್ದ ಕೂಡಲೇ ಬೇಕು ಅನ್ನೋನಿಗೂ ಬೇರೆ ಬೇರೆ ಮದ್ದು. ಬೆಂಗಳೂರಿನಲ್ಲೇ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಬೇರೆ ವಿಭಾಗವೇ ಇದೆ. ಫೋನಿನಲ್ಲಿ ಕೇಳೋದಾದರೆ 14446 ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ, 14416 ಟೆಲಿ ಮಾನಸ್, ಅಂದರೆ ಮಾನಸಿಕ ಆರೋಗ್ಯದ ಸಹಾಯವಾಣಿ. ಯಾರೋ ಹೇಳಿದರು ಅಂತ ಕೂಡಿಹಾಕಿ ಹೊಡೆಯೋ ಖಾಸಗಿ "ಬಿಡಿಸೋ ಸೆಂಟರ್"ಗೆ ಮಾತ್ರ ಕಳಿಸಬೇಡಿ.

ಪ್ರಶ್ನೆ: ಇಷ್ಟೆಲ್ಲ ಸಡಿಲ ಮಾಡಿದರೆ ಮಕ್ಕಳ ಗತಿ ಏನು? ಸಿಂಗಪುರದ ಹಾಗೆ ನಾಲ್ಕು ಜನಕ್ಕೆ ಗಲ್ಲು ಹಾಕಿದರೆ ಎಲ್ಲಾ ಸರಿ ಹೋಗುತ್ತೆ.
— ನಿವೃತ್ತ ಮುಖ್ಯೋಪಾಧ್ಯಾಯರು, ಶಿರಸಿ

ಮೇಷ್ಟ್ರೇ, ಸಿಂಗಪುರದಲ್ಲಿ 15 ಗ್ರಾಂಗಿಂತ ಜಾಸ್ತಿ ಹೆರಾಯಿನ್ ಅಥವಾ 500 ಗ್ರಾಂಗಿಂತ ಜಾಸ್ತಿ ಗಾಂಜಾ ಸಾಗಿಸಿದರೆ ಗಲ್ಲು, ಹೌದು. ಅಲ್ಲಿ ಬಳಕೆ ಕಡಿಮೆ ಇರೋದೂ ಹೌದು. ಆದರೆ ಅದು ಒಂದು ಊರಿನಷ್ಟು ದೇಶ, ಒಳಗೆ ಬರೋ ದಾರಿಗಳನ್ನು ಬೆರಳಲ್ಲಿ ಎಣಿಸಬಹುದು. ನಮಗೆ ಪಶ್ಚಿಮಕ್ಕೆ ಅಫ್ಘಾನಿಸ್ತಾನದ ಹೆರಾಯಿನ್, ಪೂರ್ವಕ್ಕೆ ಮ್ಯಾನ್ಮಾರಿನದ್ದು. 2021ರ ಸೆಪ್ಟೆಂಬರ್‌ನಲ್ಲಿ ಗುಜರಾತಿನ ಮುಂದ್ರಾ ಬಂದರಿನಲ್ಲಿ ಎರಡು ಕಂಟೇನರ್‌ಗಳಲ್ಲೇ ಸುಮಾರು 3 ಸಾವಿರ ಕೆಜಿ ಹೆರಾಯಿನ್ ಸಿಕ್ಕಿತು, ಟಾಲ್ಕ್, ಅಂದರೆ ಪೌಡರ್ ಮಾಡೋ ಕಲ್ಲು ಅಂತ ಕಾಗದದಲ್ಲಿ ಬರೆದಿತ್ತು.

ಗಲ್ಲು ನಮ್ಮ ಕಾನೂನಿನಲ್ಲೂ ಇದೆ. 1989ರಲ್ಲಿ ಎರಡನೇ ಸಲ ದೊಡ್ಡ ಪ್ರಮಾಣದಲ್ಲಿ ಸಿಕ್ಕವನಿಗೆ ಕಡ್ಡಾಯ ಗಲ್ಲು ಅಂತ ಬರೆದರು. 2011ರಲ್ಲಿ ಬಾಂಬೆ ಹೈಕೋರ್ಟು ಆ "ಕಡ್ಡಾಯ"ವನ್ನು ಒಪ್ಪಲಿಲ್ಲ, 2014ರಲ್ಲಿ ಸಂಸತ್ತು ಅದನ್ನು ನ್ಯಾಯಾಧೀಶರ ವಿವೇಚನೆಗೆ ಬಿಟ್ಟಿತು. ಅಷ್ಟು ವರ್ಷ ಗಲ್ಲಿನ ಹೆದರಿಕೆ ಇದ್ದಾಗ ಮಾಲು ಕಡಿಮೆಯಾಯ್ತಾ? ಆಗಲಿಲ್ಲ.

ಬಿಗಿ ಮಾಡಿದಷ್ಟೂ ಇನ್ನೊಂದು ಆಗುತ್ತೆ, ಇದನ್ನು ಮಕ್ಕಳ ದೃಷ್ಟಿಯಿಂದಲೇ ಯೋಚಿಸಿ. ಆಂಧ್ರ-ಒಡಿಶಾ ಗಡಿಯ ಗುಡ್ಡಗಳಿಂದ ಬೆಂಗಳೂರಿಗೆ ಗಾಂಜಾ ತರೋನಿಗೆ ಚೀಲ ಬೇಕು, ವಾಸನೆ ಬರುತ್ತೆ, ಲಾರಿಯಲ್ಲಿ ಈರುಳ್ಳಿ ಕೆಳಗೆ ಮುಚ್ಚಬೇಕು. ಎಂಡಿಎಂಎ ಅನ್ನೋ ರಾಸಾಯನಿಕ ಮಾದಕದ ಹರಳು ಬೆಂಕಿಪೆಟ್ಟಿಗೆಯಲ್ಲಿ ಹಿಡಿಯುತ್ತೆ, ಎಲ್‌ಎಸ್‌ಡಿಯಂತೂ ಅಂಚೆಚೀಟಿಗಿಂತ ಸಣ್ಣ ಕಾಗದ. ಚಾಮರಾಜಪೇಟೆಯ ವಿದೇಶಿ ಅಂಚೆ ಕಚೇರಿಯಲ್ಲಿ ಆಟಿಕೆ, ಪುಸ್ತಕ, ಬಿಸ್ಕತ್ತು ಡಬ್ಬಿಗಳೊಳಗೆ ಸಿಕ್ಕ ಮಾಲಿನ ಸುದ್ದಿ ಮತ್ತೆ ಮತ್ತೆ ಬರೋದು ಇದಕ್ಕೇ. ತಪಾಸಣೆ ಜಾಸ್ತಿಯಾದಷ್ಟೂ ಕಳ್ಳಸಾಗಣೆಯವನು ಗಾತ್ರದಲ್ಲಿ ಸಣ್ಣದು, ಅಮಲಿನಲ್ಲಿ ದೊಡ್ಡದು ಹುಡುಕ್ತಾನೆ. ಅಮೆರಿಕದಲ್ಲಿ 1920ರಿಂದ 1933ರ ತನಕ ಪಾನನಿಷೇಧ ಇದ್ದಾಗಲೂ ಹೀಗೇ ಆಯ್ತು, ಬಿಯರ್ ಬಿಟ್ಟು ಕಳ್ಳವ್ಯಾಪಾರದವರು ಗಟ್ಟಿ ಹೆಂಡಕ್ಕೆ ತಿರುಗಿದರು.

ಮಕ್ಕಳಿಗೆ ಸಿಗಬಾರದು ಅನ್ನೋದರಲ್ಲಿ ನಾನು ನಿಮ್ಮ ಜೊತೆ. ದೊಡ್ಡ ಸಾಗಣೆಯವರನ್ನು ಬಿಗಿಯಾಗಿ ಹಿಡಿಯಲಿ, ನನ್ನ ತಕರಾರಿಲ್ಲ. ಆದರೆ ಠಾಣೆಯ ಶ್ರಮ ಎಲ್ಲಿ ಖರ್ಚಾಗುತ್ತಿದೆ ನೋಡಿ, ಹುಡುಗರನ್ನು ಸಾಲಾಗಿ ನಿಲ್ಲಿಸಿ ಮೂತ್ರ ಪರೀಕ್ಷೆ ಮಾಡಿಸಿ ಸೇದಿದ ಕೇಸು ಹಾಕೋದರಲ್ಲಿ. ಅದೇ 2019ರ ಸಮೀಕ್ಷೆಯಲ್ಲಿ, ನಿಷೇಧಿತ ಮಾದಕಗಳ ಚಟಕ್ಕೆ ಬಿದ್ದ 20 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ ಅಂತಿದೆ. ಕುಡಿತದ ಚಟದವರಲ್ಲಿ 38ಕ್ಕೆ ಒಬ್ಬರು.

ಪ್ರಶ್ನೆ: ಅಪ್ಪನಿಗೆ ಕ್ಯಾನ್ಸರ್. ಡಾಕ್ಟರ್ ಮಾರ್ಫಿನ್ ಬರೆದುಕೊಟ್ಟರು. ಮೂರು ಮೆಡಿಕಲ್ ಶಾಪಿನಲ್ಲಿ "ಅದೆಲ್ಲ ಇಡಲ್ಲ" ಅಂದರು, ಒಬ್ಬನಂತೂ ನನ್ನನ್ನೇ ಸಂಶಯದಿಂದ ನೋಡಿದ. ನೋವಿಗೆ ಮದ್ದು ಕೇಳೋದೂ ಅಪರಾಧವಾ?
— ಮಂಗಳೂರು

ಅಪರಾಧ ಅಲ್ಲವೇ ಅಲ್ಲ. ಮಾದಕ ನಿಷೇಧದ ಚರ್ಚೆಯಲ್ಲಿ ಯಾರೂ ಎತ್ತದ ವಿಷಯ ಇದು, ನೀವು ಬರೆದದ್ದು ಒಳ್ಳೇದಾಯ್ತು.

ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದ ಕೆಲವು ಜಿಲ್ಲೆಗಳಲ್ಲಿ ರೈತರು ಸರ್ಕಾರಿ ಲೈಸೆನ್ಸಿನಲ್ಲಿ ಅಫೀಮು ಬೆಳೀತಾರೆ, ಮಾರ್ಫಿನ್ ತಯಾರಾಗೋದು ಅದರಿಂದಲೇ. ನೀಮಚ್, ಗಾಜಿಪುರದಲ್ಲಿ ಸರ್ಕಾರಿ ಕಾರ್ಖಾನೆಗಳಿವೆ. ಹೊರದೇಶದ ಔಷಧಿ ಕಂಪನಿಗಳಿಗೆ ಇಲ್ಲಿಂದ ಅಫೀಮು ಹೋಗುತ್ತಿತ್ತು. ಇಲ್ಲಿನ ಕ್ಯಾನ್ಸರ್ ರೋಗಿ ಮಾತ್ರ ಪ್ಯಾರಾಸಿಟಮಾಲ್ ನುಂಗಿ ಗೋಡೆ ಕಡೆ ತಿರುಗಿ ನರಳುತ್ತಿದ್ದ. 1985ರ ಕಾಯ್ದೆ ಬಂದ ಮೇಲೆ ಆಸ್ಪತ್ರೆಗಳ ಮಾರ್ಫಿನ್ ಬಳಕೆ ಪಾತಾಳಕ್ಕೆ ಇಳಿಯಿತು. ಕಾರಣ ಏನಂದರೆ, ಒಂದು ಆಸ್ಪತ್ರೆ ಮಾರ್ಫಿನ್ ಇಡಬೇಕಾದರೆ ಹಲವು ಲೈಸೆನ್ಸು ಬೇಕು, ಬೇರೆ ಬೇರೆ ಇಲಾಖೆಯವು, ಎಲ್ಲವೂ ಒಂದೇ ಕಾಲಕ್ಕೆ ಚಾಲ್ತಿಯಲ್ಲಿರಬೇಕು. ಒಂದು ಬರೋ ಹೊತ್ತಿಗೆ ಇನ್ನೊಂದರ ಅವಧಿ ಮುಗಿದಿರುತ್ತಿತ್ತು. ಲೆಕ್ಕದಲ್ಲಿ ಎರಡು ಮಾತ್ರೆ ತಪ್ಪಿದರೆ ಜೈಲಿನ ಭಯ. ಯಾವ ಅಂಗಡಿಯವನು ಇಟ್ಟಾನು? ಒಂದಿಡೀ ತಲೆಮಾರಿನ ಡಾಕ್ಟರುಗಳು ಮಾರ್ಫಿನ್ ಬರೆಯೋದನ್ನೇ ಕಲಿಯದೆ ಪಾಸಾದರು.

ಇದನ್ನು ಬದಲಾಯಿಸೋಕೆ ಹೋರಾಡಿದವರಲ್ಲಿ ಮುಖ್ಯರು ಕೇರಳದ ಡಾ. ಎಂ.ಆರ್. ರಾಜಗೋಪಾಲ್. 2014ರ ತಿದ್ದುಪಡಿಯಲ್ಲಿ ಮಾರ್ಫಿನ್‌ನಂಥ ಕೆಲವು ಔಷಧಿಗಳನ್ನು "ಅಗತ್ಯ" ಅಂತ ಬೇರೆ ಮಾಡಿ, ಮಾನ್ಯತೆ ಪಡೆದ ಆಸ್ಪತ್ರೆಗೆ ಒಂದೇ ಅನುಮತಿ ಸಾಕು ಅಂತ ಮಾಡಿದರು. ಹಾಗಾಗಿ ಬೀದಿಯ ಮೆಡಿಕಲ್ ಶಾಪಿನಲ್ಲಿ ಅಲೆಯಬೇಡಿ. ನಿಮ್ಮ ಹತ್ತಿರದ ಮೆಡಿಕಲ್ ಕಾಲೇಜು ಅಥವಾ ಕ್ಯಾನ್ಸರ್ ಆಸ್ಪತ್ರೆಯಲ್ಲಿ "ಪ್ಯಾಲಿಯೇಟಿವ್ ಕೇರ್ (ನೋವು ಕಡಿಮೆ ಮಾಡೋ ಆರೈಕೆ) ವಿಭಾಗ ಇದೆಯಾ, ಅಲ್ಲಿ ಓರಲ್ (ಬಾಯಿಯಿಂದ ತೆಗೆದುಕೊಳ್ಳೋ) ಮಾರ್ಫಿನ್ ಕೊಡ್ತಾರಾ" ಅಂತ ನೇರವಾಗಿ ಕೇಳಿ. ಬೆಂಗಳೂರಿಗೆ ಬರೋದಾದರೆ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ, ಕೊನೆಯ ಹಂತದ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳೋ ಕರುಣಾಶ್ರಯ ಇದೆ. ಮಾತ್ರೆ ಬೆಲೆ ಜಾಸ್ತಿ ಏನಿಲ್ಲ. ಅಪ್ಪನಿಗೆ ಚಟ ಹತ್ತುತ್ತೆ ಅಂತ ನೆಂಟರು ಹೆದರಿಸಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಡಾಕ್ಟರ್ ಹೇಳಿದ ಲೆಕ್ಕದಲ್ಲಿ ನೋವಿಗೆ ತೆಗೆದುಕೊಳ್ಳೋದಕ್ಕೂ, ಅಮಲಿಗೆ ತೆಗೆದುಕೊಳ್ಳೋದಕ್ಕೂ ಬಹಳ ವ್ಯತ್ಯಾಸ ಇದೆ. ಮಲಬದ್ಧತೆ ಆಗುತ್ತೆ, ಅದಕ್ಕೆ ಜೊತೆಯಲ್ಲೇ ಮದ್ದು ಬರೆಸಿಕೊಳ್ಳಿ.

ಪ್ರಶ್ನೆ: ಇಷ್ಟು ಬರೀತೀರಲ್ಲ, ನೀವು ಸೇದಿದ್ದೀರಾ?
— ಹೆಸರು ಬೇಡ, ತುಮಕೂರು

ಹೆಸರು ಬೇಡ ಅನ್ನೋರಿಗೆ ನಾನೂ ಉತ್ತರ ಬೇಡ ಅಂತೀನಿ.

ಪ್ರಶ್ನೆ: ನಾನು ಟೊರಾಂಟೊದಲ್ಲಿದ್ದೇನೆ. ಇಲ್ಲಿ ಬೀದಿಗೆರಡು ಗಾಂಜಾ ಅಂಗಡಿ, ಆಕಾಶ ಏನೂ ಕಳಚಿ ಬಿದ್ದಿಲ್ಲ. ಪೋರ್ಚುಗಲ್‌ನಲ್ಲಂತೂ ಎಲ್ಲಾ ಡ್ರಗ್ಸೂ ಲೀಗಲ್ ಅಂತೆ. ನಮ್ಮೋರಿಗೆ ಯಾಕೆ ಇಷ್ಟು ಭಯ?
— ಕೆನಡಾ ಕನ್ನಡಿಗ

ಪೋರ್ಚುಗಲ್ ವಿಷಯದಲ್ಲಿ ನಿಮಗೆ ತಪ್ಪು ಮಾಹಿತಿ ಸಿಕ್ಕಿದೆ, ಎಲ್ಲರೂ ಇದನ್ನೇ ಹೇಳ್ತಾರೆ. ಅಲ್ಲಿ ಯಾವ ಡ್ರಗ್ಸೂ ಲೀಗಲ್ ಅಲ್ಲ. 2001ರಲ್ಲಿ ಅವರು ಮಾಡಿದ್ದು ಇಷ್ಟು: ಹತ್ತು ದಿನಕ್ಕೆ ಆಗುವಷ್ಟು ಇಟ್ಟುಕೊಂಡು ಸಿಕ್ಕಿಬಿದ್ದರೆ ಅದು ಕ್ರಿಮಿನಲ್ ಕೇಸಲ್ಲ. ಪೊಲೀಸರು ಮಾಲು ಕಿತ್ತುಕೊಳ್ತಾರೆ, ಒಂದು ಸಮಿತಿಯ ಮುಂದೆ ಕಳಿಸ್ತಾರೆ. ಕಾನೂನು, ಆರೋಗ್ಯ, ಸಮಾಜಸೇವೆ ಗೊತ್ತಿರೋರು ಅಲ್ಲಿ ಕೂತಿರ್ತಾರೆ, ಕೋಟು-ಕಟಕಟೆ ಇಲ್ಲ. ಚಟ ಇದ್ದರೆ ಚಿಕಿತ್ಸೆಗೆ ಕಳಿಸೋದು, ಇಲ್ಲದಿದ್ದರೆ ಎಚ್ಚರಿಕೆ ಕೊಟ್ಟು ಬಿಡೋದು. ಮಾರೋನಿಗೆ ಜೈಲು ಹಾಗೇ ಇದೆ. ಹೆರಾಯಿನ್ ಚಟ ಊರೂರಿಗೆ ಹಬ್ಬಿದ್ದ ಆ ದೇಶದಲ್ಲಿ ಸೂಜಿಯಿಂದ ಹರಡೋ ಎಚ್‌ಐವಿ ಭಾರೀ ಇಳಿಯಿತು. ಆದರೆ ಅದಕ್ಕೆ ಕಾನೂನಿನ ಜೊತೆ ದುಡ್ಡೂ ಸುರಿದಿದ್ದರು, ಹೆರಾಯಿನ್ ಬದಲಿಗೆ ಕೊಡೋ ಮೆಥಡೋನ್ ಮದ್ದಿನ ವ್ಯಾನು, ಸಿರಿಂಜು, ಕೌನ್ಸೆಲಿಂಗು ಎಲ್ಲಾ. ಆಮೇಲಿನ ವರ್ಷಗಳಲ್ಲಿ ಆ ದುಡ್ಡಿಗೆ ಕತ್ತರಿ ಬಿದ್ದಾಗ ಪೋರ್ಟೊ ನಗರದ ಬೀದಿಗಳಲ್ಲಿ ಮತ್ತೆ ದೂರು ಶುರುವಾಯ್ತು.

ಅಮೆರಿಕದ ಆರೆಗನ್ ರಾಜ್ಯ ಇದನ್ನೇ ಅರ್ಧ ಮಾಡೋಕೆ ಹೋಯ್ತು. 2020ರಲ್ಲಿ ಜನಮತದಿಂದ ಎಲ್ಲಾ ಡ್ರಗ್ಸ್ ಬಳಕೆಯನ್ನೂ ಅಪರಾಧದ ಪಟ್ಟಿಯಿಂದ ತೆಗೆದರು, 100 ಡಾಲರ್ ದಂಡ, ಸಹಾಯವಾಣಿಗೆ ಫೋನ್ ಮಾಡಿದರೆ ಅದೂ ಮಾಫಿ. ಫೋನ್ ಮಾಡಿದೋರು ತೀರಾ ಕಡಿಮೆ. ಚಿಕಿತ್ಸೆಯ ದುಡ್ಡು ತಲುಪೋದು ತಡವಾಯ್ತು, ಅದೇ ಹೊತ್ತಿಗೆ ಹೆರಾಯಿನ್ನಿಗಿಂತ ಎಷ್ಟೋ ಪಟ್ಟು ಸ್ಟ್ರಾಂಗ್ ಆದ ಫೆಂಟನಿಲ್ ಬಂತು. 2024ರ ಸೆಪ್ಟೆಂಬರ್‌ನಿಂದ ಮತ್ತೆ ಅಪರಾಧ ಅಂತ ಮಾಡಿಬಿಟ್ಟರು. ನಿಮ್ಮ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲೂ 2023ರಲ್ಲಿ ಸಡಿಲ ಮಾಡಿ 2024ರಲ್ಲಿ ಬೀದಿ ಬಳಕೆಗೆ ಮತ್ತೆ ತಡೆ ಹಾಕಿದ್ದು ನಿಮಗೇ ಗೊತ್ತಲ್ಲ. ಥಾಯ್ಲೆಂಡಿನದ್ದು ಇನ್ನೊಂದು ಕಥೆ. 2022ರಲ್ಲಿ ನಿಯಮವೇ ಬರೆಯದೆ ಗಾಂಜಾ ಬಿಟ್ಟರು, ಸಾವಿರಾರು ಅಂಗಡಿ ಎದ್ದವು, 2025ರಲ್ಲಿ ಡಾಕ್ಟರ್ ಚೀಟಿ ಬೇಕು ಅಂತ ಹಿಂದೆ ಸರಿದರು.

ಕೆನಡಾದ್ದು ಇವುಗಳಲ್ಲಿ ಸ್ವಲ್ಪ ಯೋಚಿಸಿ ಮಾಡಿದ ಕೆಲಸ, ಒಪ್ಪುತ್ತೇನೆ. 2018ರ ಅಕ್ಟೋಬರ್‌ನಿಂದ ಲೀಗಲ್, ಸಾದಾ ಪ್ಯಾಕೆಟ್ಟು, ಜಾಹೀರಾತಿಗೆ ಕಡಿವಾಣ, ತಿನ್ನೋ ಪದಾರ್ಥದಲ್ಲಿ ಒಂದು ಪೊಟ್ಟಣಕ್ಕೆ 10 ಮಿಲಿಗ್ರಾಂ ಟಿಎಚ್‌ಸಿ (ಗಾಂಜಾದಲ್ಲಿ ಅಮಲು ತರೋ ಅಂಶ) ಮಿತಿ. ಆದರೂ ಗಮ್ಮಿಗಳನ್ನು, ಅಂದರೆ ಗಾಂಜಾ ಬೆರೆಸಿದ ಜೆಲ್ಲಿ ಮಿಠಾಯಿಗಳನ್ನು, ಚಾಕ್ಲೇಟು ಅಂದುಕೊಂಡು ತಿಂದು ಆಸ್ಪತ್ರೆ ಸೇರೋ ಪುಟ್ಟ ಮಕ್ಕಳ ಸಂಖ್ಯೆ ಏರಿತು. ಕ್ವಿಬೆಕ್ ಪ್ರಾಂತ್ಯ ಮಾತ್ರ ಮೊದಲಿಂದಲೂ ಮಿಠಾಯಿ ರೂಪದ್ದನ್ನು ಮಾರೋಕೆ ಬಿಟ್ಟಿಲ್ಲ, ವಯಸ್ಸಿನ ಮಿತಿಯನ್ನೂ 21ಕ್ಕೆ ಏರಿಸಿದೆ. ನಮ್ಮಲ್ಲಿ ಯಾರಾದರೂ ಯಾವತ್ತಾದರೂ ಮಾಡೋದಾದರೆ ಮೊದಲು ನೋಡಬೇಕಾದ್ದು ಕ್ವಿಬೆಕ್ ಅಂತ ನನಗನ್ನಿಸುತ್ತೆ. ಅಂಗಡಿ ಸರ್ಕಾರದ್ದೇ ನಿಗಮದ್ದು, ಲಾಭ ಜಾಸ್ತಿ ಮಾಡಬೇಕು ಅನ್ನೋ ಗುರಿ ಅದಕ್ಕೆ ಇಲ್ಲ. ನಮ್ಮ ಅಬಕಾರಿಯವರು ಅದನ್ನು ಓದಿದರೆ ನಗಬಹುದು.

ಕೊನೆಗೊಂದು ಮಾತು, ನಿಮಗೇ. ದಸರಾಕ್ಕೋ ಮದುವೆಗೋ ಊರಿಗೆ ಬರೋವಾಗ ಬ್ಯಾಗಿನ ಮೂಲೆ ಮೂಲೆ ನೋಡಿಕೊಳ್ಳಿ. ಅಲ್ಲಿ ಲೀಗಲ್ ಆದರೂ ಗಡಿ ದಾಟಿಸೋದು ಕೆನಡಾದ ಕಾನೂನಿನಲ್ಲೇ ಅಪರಾಧ. ಇಲ್ಲಿ ಇಳಿದರೆ ಎನ್‌ಡಿಪಿಎಸ್. ಗಮ್ಮಿಯಲ್ಲಿ ಇರೋದು ಎಲೆಯಲ್ಲ, ತೆಗೆದ ಸಾರ, ಅದಕ್ಕೆ ಗಾಂಜಾದ ಒಂದು ಕೆಜಿ ಲೆಕ್ಕ ಇಲ್ಲ, ಟಿಎಚ್‌ಸಿಗೆ ಸಣ್ಣ ಪ್ರಮಾಣ ಅಂದರೆ ಬರೀ 2 ಗ್ರಾಂ, 50 ಗ್ರಾಂ ದಾಟಿದರೆ ವ್ಯಾಪಾರಿ ಪ್ರಮಾಣ. ಮಾದಕದ ಜೊತೆ ಬೆರೆಸಿದ ಬೇರೆ ಪದಾರ್ಥದ ತೂಕವನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಸಕ್ಕರೆ, ಜೆಲ್ಲಿ ಎಲ್ಲಾ ಸೇರಿ ನಿಮ್ಮ ಒಂದು ಡಬ್ಬಿ ಗಮ್ಮಿ ಎಷ್ಟು ತೂಗುತ್ತೆ ಅಂತ ಹೊರಡೋ ಮುಂಚೆ ತಕ್ಕಡಿಗೆ ಹಾಕಿ ನೋಡಿ, ಆಮೇಲೆ ಅಲ್ಲೇ ಬಿಟ್ಟು ಬನ್ನಿ.